ಒಳ್ಳೆ ಮರಿ ಬೇಕಿದ್ದರೆ ಮೊದಲು ತಾಯಿಕೋಳಿಯನ್ನು ತೂಗಿ

ಇಪ್ಪತ್ತೊಂದು ದಿನ ಕಾದು ಕೂತು, ಕೊನೆಗೆ ನೂರು ಮೊಟ್ಟೆಗೆ ಅರವತ್ತೇ ಮರಿ ಬಂದರೆ ಎಲ್ಲರೂ ಮೊದಲು ಬೈಯುವುದು ಇನ್‌ಕ್ಯುಬೇಟರಿಗೆ, ಅಂದರೆ ಕಾವು ಕೊಡುವ ಮೆಷಿನ್ನಿಗೆ. ಕರೆಂಟ್ ಹೋಗಿತ್ತು, ಸೆನ್ಸರ್ ಕೆಟ್ಟಿದೆ, ನೀರು ಹಾಕಲು ಮರೆತೆವು. ನಾನೂ ಬಹಳ ದಿನ ಹಾಗೇ ಬೈದವನು. ಆಮೇಲೆ ಒಂದು ಸಲ, ಮರಿಯಾಗದೆ ಉಳಿದ ಮೊಟ್ಟೆಗಳನ್ನು ಗುಂಡಿಗೆ ಹಾಕುವ ಮೊದಲು ಒಂದೊಂದಾಗಿ ಒಡೆದು ನೋಡಿದೆ. ವಾಸನೆ ತಡೆಯಲು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ನೋಡಿದೆ. ಕಂಡದ್ದೇನೆಂದರೆ, ಹೆಚ್ಚಿನವು ಮೆಷಿನ್ನಿಗೆ ಬರುವ ಮೊದಲೇ ಕೆಟ್ಟಿದ್ದವು. ಕೆಲವಕ್ಕೆ ಹುಂಜವೇ ಕೂಡಿರಲಿಲ್ಲ. ಕೆಲವು ಮೊದಲ ವಾರದಲ್ಲೇ ಸತ್ತಿದ್ದವು.

ಯೋಚಿಸಿದರೆ ಇದು ಸಹಜ, ಅಲ್ವಾ? ಮೊಟ್ಟೆ ತಾಯಿಯ ಹೊಟ್ಟೆಯಿಂದ ಹೊರಬರುವ ಹೊತ್ತಿಗೇ ಭ್ರೂಣಕ್ಕೆ ಸುಮಾರು ಒಂದು ದಿನದ ವಯಸ್ಸಾಗಿರುತ್ತದೆ, ಅದರಲ್ಲಿ ಹತ್ತಾರು ಸಾವಿರ ಜೀವಕೋಶಗಳಿರುತ್ತವೆ. ಮುಂದಿನ 21 ದಿನಕ್ಕೆ ಬೇಕಾದ ಅನ್ನ, ಖನಿಜ, ವಿಟಮಿನ್ ಎಲ್ಲವನ್ನೂ ತಾಯಿ ಒಂದೇ ಸಲ ಬುತ್ತಿ ಕಟ್ಟಿ ಕಳಿಸಿರುತ್ತದೆ. ಬುತ್ತಿಯಲ್ಲಿ ಏನಾದರೂ ಬಿಟ್ಟುಹೋದರೆ ಆಮೇಲೆ ನಾವು ತುಂಬಿಸಲು ದಾರಿಯೇ ಇಲ್ಲ. ಹಾಗಾಗಿ ಮರಿಗಾಗಿ ಕೋಳಿ ಸಾಕುವವರು ನೋಡಬೇಕಾದ್ದು ಮೆಷಿನ್ನಿಗಿಂತ ಮೊದಲು ತಾಯಿ ಮತ್ತು ಹುಂಜವನ್ನು.

ಮೇವು: ಕೊಡುವುದಕ್ಕಿಂತ ಅಳೆಯುವುದು ಕಷ್ಟ

ಮಾಂಸದ ತಳಿಯ ಬ್ರೀಡರ್ ಕೋಳಿ, ಅಂದರೆ ಮರಿಗಾಗಿ ಇಟ್ಟುಕೊಳ್ಳುವ ತಾಯಿ ಮತ್ತು ಹುಂಜ, ಸಾಕುವವರಿಗೆ ಒಂದು ವಿಚಿತ್ರ ತಲೆನೋವಿದೆ. ಬ್ರಾಯ್ಲರ್ ಮರಿ ಆರು ವಾರದಲ್ಲಿ ದಪ್ಪವಾಗಲಿ ಎಂದು ತಲೆಮಾರುಗಳಿಂದ ಆರಿಸುತ್ತಾ ಬಂದಿದ್ದಾರೆ. ಅದೇ ಹಸಿವು ಅದರ ಅಪ್ಪ ಅಮ್ಮನಿಗೂ ಇರುತ್ತದೆ. ಅವು ಕೇಳಿದಷ್ಟು ಹಾಕಿದರೆ ಕೊಬ್ಬಿ ಕಾಲು ಸೋಲುತ್ತವೆ, ಬಿಸಿಲಿಗೆ ಸಾಯುತ್ತವೆ, ಮೊಟ್ಟೆಯೂ ಕಡಿಮೆ ಇಡುತ್ತವೆ. ಕೊಬ್ಬಿದ ಹೇಂಟೆಯ ಅಂಡಾಶಯದಲ್ಲಿ ಒಂದರ ಹಿಂದೆ ಒಂದು ಹಣ್ಣಾಗಬೇಕಾದ ಹಳದಿಗಳು ಎರಡು ಮೂರು ಒಟ್ಟೊಟ್ಟಿಗೆ ಹಣ್ಣಾಗುತ್ತವೆ. ಆಗ ಎರಡು ಹಳದಿಯ ಮೊಟ್ಟೆ, ಚಿಪ್ಪಿಲ್ಲದ ಮೊಟ್ಟೆ, ಹಳದಿ ಹೊಟ್ಟೆಯೊಳಗೇ ಬಿದ್ದು ಕೀವಾಗಿ ಸಾಯುವ ಕೋಳಿ, ಎಲ್ಲವನ್ನೂ ನೋಡಬೇಕಾಗುತ್ತದೆ. ಎರಡು ಹಳದಿ ಕಂಡರೆ ತಿನ್ನುವವರಿಗೆ ಖುಷಿ, ಮರಿ ಮಾಡುವವರಿಗೆ ಅದು ನಷ್ಟ.

ಅದಕ್ಕೇ ಅಳತೆಯ ಮೇವು. ಮೊಟ್ಟೆ ತಳಿ ಅಥವಾ ನಾಟಿ ಕೋಳಿ ಇದ್ದರೆ ಇಷ್ಟು ಕಟ್ಟುನಿಟ್ಟು ಬೇಕಾಗಿಲ್ಲ, ಅವು ಸಾಮಾನ್ಯವಾಗಿ ಹೊಟ್ಟೆ ತುಂಬಿದ ಮೇಲೆ ನಿಲ್ಲಿಸುತ್ತವೆ.

ಅಳತೆಯ ಮೇವಿನಲ್ಲಿ ಮುಖ್ಯವಾದದ್ದು ಎಷ್ಟು ಹಾಕಿದಿರಿ ಅನ್ನುವುದಲ್ಲ, ಎಲ್ಲಕ್ಕೂ ಸಿಕ್ಕಿತೇ ಅನ್ನುವುದು. ಹಸಿದ ಕೋಳಿಗಳ ಮುಂದೆ ಮೇವು ನಿಧಾನಕ್ಕೆ ಹೋದರೆ ಗಟ್ಟಿಗಿತ್ತಿಯರು ತಿಂದು ಮುಗಿಸುತ್ತಾರೆ, ಮೂಲೆಯ ಬಡಕಲು ಕೋಳಿಗೆ ಬರೀ ತಟ್ಟೆ. ಮೂರು ನಾಲ್ಕು ನಿಮಿಷದೊಳಗೆ ಕೋಳಿಮನೆಯ ಕೊನೆಯ ತುದಿಗೂ ಮೇವು ತಲುಪಬೇಕು. ಬೆಳೆದ ಹೇಂಟೆಗೆ ತಲಾ 15 ಸೆಂಟಿಮೀಟರ್ ಜಾಗ ಬೇಕು. ಎಲ್ಲಾ ಕೋಳಿಗಳೂ ಒಟ್ಟಿಗೆ ತಲೆ ಹಾಕಿ ತಿನ್ನುತ್ತಿವೆಯಾ ಎಂದು ಮೇವು ಹಾಕಿದ ಕೂಡಲೇ ನಿಂತು ನೋಡಿ. ಹಿಂದೆ ಸುತ್ತಾಡುವ ಕೋಳಿಗಳು ಕಂಡರೆ ತಟ್ಟೆ ಸಾಲದು ಎಂದೇ ಅರ್ಥ.

ಒಂದು ದಿನ ಬಿಟ್ಟು ಒಂದು ದಿನ ಮೇವು ಹಾಕುವ ಪದ್ಧತಿ ಬಂದದ್ದೂ ಇದೇ ಕಾರಣಕ್ಕೆ. ಎರಡು ದಿನದ್ದನ್ನು ಒಟ್ಟಿಗೆ ಹಾಕಿದರೆ ರಾಶಿ ದೊಡ್ಡದಾಗುತ್ತದೆ, ಎಲ್ಲಕ್ಕೂ ಸಿಗುತ್ತದೆ. ಆದರೆ ಸಂಶೋಧನೆಗಳು ತೋರಿಸಿರುವಂತೆ ಇದರಲ್ಲಿ ಸ್ವಲ್ಪ ನಷ್ಟವಿದೆ: ತಿಂದ ದಿನ ಕೋಳಿ ಅದನ್ನು ಕೊಬ್ಬಾಗಿ ಕೂಡಿಡಬೇಕು, ಉಪವಾಸದ ದಿನ ಮತ್ತೆ ಕರಗಿಸಿಕೊಳ್ಳಬೇಕು, ಈ ಹೋಗಿ ಬರುವುದರಲ್ಲಿ ಶಕ್ತಿ ಸೋರುತ್ತದೆ. ಬೇಗ ಹಂಚುವ ವ್ಯವಸ್ಥೆ ಇದ್ದರೆ ದಿನಾ ಹಾಕುವುದೇ ಒಳ್ಳೆಯದು. ಬೆಳೆಯುವ ವಯಸ್ಸಿನಲ್ಲಿ ಮೇವಿಗೆ ನಾರು ಜಾಸ್ತಿ ಸೇರಿಸಿ, ಅಂದರೆ ತೌಡು ಹೊಟ್ಟು ಬೆರೆಸಿ, ಪ್ರಮಾಣ ಹೆಚ್ಚಿಸುವ ಉಪಾಯವೂ ಇದೆ. ಹೊಟ್ಟೆ ತುಂಬಿದಂತಾಗಿ ಕೋಳಿಗಳು ಸಮಾಧಾನದಿಂದ ಇರುತ್ತವೆ, ಒಂದರ ಪುಕ್ಕ ಇನ್ನೊಂದು ಕುಕ್ಕುವುದೂ ಕಡಿಮೆ. ನನಗಂತೂ ಈ ದಾರಿ ಇಷ್ಟ. ಹಸಿದ ಕೋಳಿ ದಿನವಿಡೀ ಖಾಲಿ ತಟ್ಟೆ ಕುಟ್ಟುವುದನ್ನು ನೋಡಿಕೊಂಡು ಇರಲು ಆಗುವುದಿಲ್ಲ.

ಹಾಗಂತ ತೀರಾ ಬಡಕಲಾಗಿಸಲೂ ಬೇಡಿ. ಇತ್ತೀಚಿನ ತಳಿಗಳಲ್ಲಿ ಎದೆಯ ಮಾಂಸ ಜಾಸ್ತಿ, ಕೊಬ್ಬು ಕಡಿಮೆ. ಸ್ವಲ್ಪವೂ ಕೊಬ್ಬಿಲ್ಲದೆ ಮೊಟ್ಟೆಗೆ ಬಂದ ಹೇಂಟೆ ಕೆಲವು ವಾರ ಇಟ್ಟು ಆಮೇಲೆ ಸೋತುಹೋಗುತ್ತದೆ.

ತಕ್ಕಡಿ

ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ, ಮೇವು ಹಾಕುವ ಮೊದಲು ತೂಗಿ. ಕಣ್ಣಳತೆ ನಂಬಬೇಡಿ. ದಿನಾ ನೋಡುವ ಕೋಳಿ ದಪ್ಪವಾದದ್ದೂ ಗೊತ್ತಾಗುವುದಿಲ್ಲ, ಸಣ್ಣಗಾದದ್ದೂ ಗೊತ್ತಾಗುವುದಿಲ್ಲ. ಜಾಲರಿಯಿಂದ ಐವತ್ತರಿಂದ ನೂರು ಕೋಳಿಗಳನ್ನು ಒಂದು ಮೂಲೆಗೆ ಸೇರಿಸಿ, ಅದರೊಳಗೆ ಬಂದ ಪ್ರತಿಯೊಂದನ್ನೂ ತೂಗಬೇಕು. ಕುಂಟ ಕೋಳಿ, ಬಡಕಲು ಕೋಳಿ, ಎಲ್ಲವನ್ನೂ. "ಇದು ಲೆಕ್ಕಕ್ಕಿಲ್ಲ ಬಿಡಿ" ಎಂದು ಒಂದನ್ನು ಬಿಟ್ಟರೆ ನೀವು ನಿಮಗೇ ಸುಳ್ಳು ಹೇಳಿಕೊಂಡಂತೆ.

ಸರಾಸರಿ ತೆಗೆದರೆ ಅರ್ಧ ಕೆಲಸ ಮಾತ್ರ ಆಯಿತು. ಸರಾಸರಿ 2000 ಗ್ರಾಂ ಬಂತು ಅಂದುಕೊಳ್ಳಿ. ಅದರ ಹತ್ತು ಪರ್ಸೆಂಟ್ ಆಚೆ ಈಚೆ, ಅಂದರೆ 1800ರಿಂದ 2200 ಗ್ರಾಂ ಒಳಗೆ ಎಷ್ಟು ಕೋಳಿ ಇವೆ ಎಂದು ಎಣಿಸಿ. ನೂರಕ್ಕೆ 80 ಇದ್ದರೆ ಗುಂಪು ಚೆನ್ನಾಗಿದೆ. 60 ಇದ್ದರೆ ಸರಾಸರಿ ಎಷ್ಟು ಚೆಂದ ಇದ್ದರೂ ಪ್ರಯೋಜನವಿಲ್ಲ, ಏಕೆಂದರೆ ಕೆಲವು ಬೇಗ ಮೊಟ್ಟೆಗೆ ಬರುತ್ತವೆ, ಕೆಲವು ತಡವಾಗಿ, ಒಂದೇ ಮೇವು ಒಂದೇ ಬೆಳಕು ಎರಡಕ್ಕೂ ಹೊಂದುವುದಿಲ್ಲ. ನಾಲ್ಕನೇ ವಾರದ ಸುಮಾರಿಗೆ ಎಲ್ಲವನ್ನೂ ತೂಗಿ ಸಣ್ಣ, ಮಧ್ಯಮ, ದಪ್ಪ ಎಂದು ಬೇರೆ ಬೇರೆ ಮಾಡಿದರೆ ಮುಂದಿನ ಕೆಲಸ ಹಗುರವಾಗುತ್ತದೆ. ಹದಿನೈದನೇ ವಾರದಲ್ಲಿ ನೆನಪಾಗಿ ಮಾಡಿದರೆ ಹೆಚ್ಚು ಉಪಯೋಗವಿಲ್ಲ, ಅಷ್ಟರಲ್ಲಿ ಮೂಳೆಯ ಬೆಳವಣಿಗೆ ಬಹುತೇಕ ಮುಗಿದಿರುತ್ತದೆ.

ತೂಕ ಜಾಸ್ತಿ ಬಂತೆಂದು ಬೆಳೆಯುವ ಕೋಳಿಗೆ ಮೇವು ಇಳಿಸಬೇಡಿ. ಮುಂದಿನ ವಾರ ಏರಿಸಬೇಕಾದ್ದನ್ನು ಏರಿಸದೆ ಅಷ್ಟಕ್ಕೇ ನಿಲ್ಲಿಸಿ ಸಾಕು, ತಾನಾಗಿ ದಾರಿಗೆ ಬರುತ್ತದೆ.

ಬುತ್ತಿಯೊಳಗೆ ಏನಿರಬೇಕು

ಮೊಟ್ಟೆ ಇಡುವ ಬ್ರೀಡರ್ ಹೇಂಟೆಯ ಮೇವಿನಲ್ಲಿ ಸುಮಾರು 15–16 ಪರ್ಸೆಂಟ್ ಪ್ರೋಟೀನ್, 3 ಪರ್ಸೆಂಟಿನಷ್ಟು ಕ್ಯಾಲ್ಸಿಯಂ ಇರಬೇಕು. ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಚಿಪ್ಪು ಕಟ್ಟುವ ಕೆಲಸ ನಡೆಯುವುದು ಹೆಚ್ಚಾಗಿ ರಾತ್ರಿ, ಕೋಳಿ ಮಲಗಿದಾಗ, ಮೇವು ತಿನ್ನದೆ ಇರುವಾಗ. ಬೆಳಿಗ್ಗೆ ತಿಂದ ಸುಣ್ಣದ ಪುಡಿ ಅಷ್ಟರಲ್ಲಿ ಕರಗಿ ಹೋಗಿರುತ್ತದೆ. ಅದಕ್ಕೇ ಸಂಜೆಯ ಹೊತ್ತಿಗೆ ಸುಣ್ಣಕಲ್ಲಿನ ನುಚ್ಚನ್ನೋ ಚಿಪ್ಪಿನ ಚೂರನ್ನೋ ಕೊಡುವುದು. ದಪ್ಪ ಚೂರು ಹೊಟ್ಟೆಯಲ್ಲಿ ನಿಧಾನಕ್ಕೆ ಕರಗಿ ರಾತ್ರಿಯಿಡೀ ಒದಗುತ್ತದೆ. ಸಣ್ಣ ಉಪಾಯ, ಆದರೆ ವಯಸ್ಸಾದ ಕೋಳಿಗಳ ತೆಳು ಚಿಪ್ಪಿಗೆ ಇದರಷ್ಟು ಕೆಲಸ ಮಾಡುವುದು ನಾನು ಬೇರೆ ನೋಡಿಲ್ಲ. ಇನ್ನೂ ಮೊಟ್ಟೆಗೆ ಬರದ ಹ್ಯಾಟೆಗೆ ತಿಂಗಳುಗಟ್ಟಲೆ ಮುಂಚೆಯೇ ಈ ಮೇವು ಹಾಕಬೇಡಿ, ಮೂತ್ರಪಿಂಡ ಹಾಳಾಗುತ್ತದೆ.

ಹುಂಜಕ್ಕೆ ಇಷ್ಟು ಪ್ರೋಟೀನೂ ಬೇಡ, ಇಷ್ಟು ಕ್ಯಾಲ್ಸಿಯಮ್ಮೂ ಬೇಡ. ಅದಕ್ಕೆ 12–13 ಪರ್ಸೆಂಟ್ ಪ್ರೋಟೀನ್, 1 ಪರ್ಸೆಂಟ್ ಕ್ಯಾಲ್ಸಿಯಂ ಸಾಕು. ಒಂದೇ ತಟ್ಟೆಯಲ್ಲಿ ಬಿಟ್ಟರೆ ಹುಂಜ ಹೇಂಟೆಯ ಪಾಲನ್ನು ತಿಂದು ದಪ್ಪವಾಗುತ್ತದೆ, ದಪ್ಪ ಹುಂಜ ಹೇಂಟೆಯ ಮೇಲೆ ಹತ್ತಲಾರದು. ಹೇಂಟೆಯ ತಟ್ಟೆಗೆ ಸುಮಾರು 45 ಮಿಲಿಮೀಟರ್ ಸಂದು ಬಿಟ್ಟು ಸರಳು ಕಟ್ಟಿದರೆ ಹುಂಜದ ದೊಡ್ಡ ತಲೆ ಒಳಗೆ ಹೋಗುವುದಿಲ್ಲ. ಹುಂಜದ ತಟ್ಟೆಯನ್ನು ಹೇಂಟೆಗೆ ಎಟುಕದಷ್ಟು ಎತ್ತರಕ್ಕೆ ನೇತುಹಾಕಿ. ಎಳೆ ಹುಂಜದ ತಲೆ ಮೊದಮೊದಲು ಸರಳಿನೊಳಗೆ ತೂರುತ್ತದೆ, ಆ ಕೆಲವು ವಾರ ಕಣ್ಣಿಡಬೇಕು.

ಇನ್ನು ವಿಟಮಿನ್ ಮತ್ತು ಖನಿಜ. ಇಲ್ಲೇ ಜನ ಮೋಸ ಹೋಗುವುದು. ಕೊರತೆಯಾದಾಗ ತಾಯಿಕೋಳಿ ಚೆನ್ನಾಗೇ ಕಾಣುತ್ತದೆ, ಮೊಟ್ಟೆಯೂ ಇಡುತ್ತಿರುತ್ತದೆ. ಮರಿ ಮಾತ್ರ ಆಗುವುದಿಲ್ಲ. ರೈಬೋಫ್ಲಾವಿನ್, ಅಂದರೆ ಬಿ2 ಕಡಿಮೆಯಾದರೆ ಭ್ರೂಣ ಕಾವಿನ ನಡುವಿನ ವಾರದಲ್ಲಿ ಸಾಯುತ್ತದೆ, ಅದರ ಎಳೆ ಪುಕ್ಕ ಗಂಟು ಗಂಟಾಗಿ ಸುರುಳಿಯಾಗಿರುತ್ತದೆ, ಹೊರಬಂದ ಮರಿಗಳ ಬೆರಳು ಒಳಕ್ಕೆ ಮಡಚಿಕೊಂಡಿರುತ್ತದೆ. ಮ್ಯಾಂಗನೀಸ್ ಕೊರತೆಯಾದರೆ ಗಿಳಿಯ ಕೊಕ್ಕಿನಂಥ ಕೊಕ್ಕು, ಗಿಡ್ಡ ಕಾಲು. ವಿಟಮಿನ್ ಇ ಸಾಲದಿದ್ದರೆ ಮೊದಲ ನಾಲ್ಕೈದು ದಿನಗಳಲ್ಲೇ ಸಾವು. ವಿಟಮಿನ್ ಡಿ ಸಾಲದಿದ್ದರೆ ಕೊನೆಯ ದಿನಗಳಲ್ಲಿ, ಜೊತೆಗೆ ತೆಳು ಚಿಪ್ಪು.

ಮೊಟ್ಟೆ ಕೋಳಿಯ ಮೇವನ್ನೇ ಬ್ರೀಡರ್ ಕೋಳಿಗೂ ಹಾಕುವವರು ಬಹಳ. ತಿನ್ನುವ ಮೊಟ್ಟೆಗೆ ಅದು ಸಾಕು. ಅದರೊಳಗೆ ಒಂದು ಜೀವ ಬೆಳೆಯಬೇಕಾದರೆ ವಿಟಮಿನ್ ಜಾಸ್ತಿ ಬೇಕು. ಬ್ರೀಡರಿಗೆಂದೇ ಮಾಡಿದ ಮಿಶ್ರಣ ತನ್ನಿ, ತಂದದ್ದನ್ನು ತಗಡಿನ ಕೆಳಗೆ ಬಿಸಿಯಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಅದರ ಶಕ್ತಿ ಇಳಿಯುತ್ತದೆ. ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಒಣಗಿಸಿ ಬೆರೆಸುವ ಜಿಪುಣತನವೂ ಬೇಡ. ಬೂಷ್ಟು ಒಣಗುತ್ತದೆ, ಅದರ ವಿಷ ಒಣಗುವುದಿಲ್ಲ.

ಮೇವಿನ ಬಗ್ಗೆ ಇನ್ನೊಂದು ಕಥೆ. ಒಂದು ವಾರ ನಮ್ಮ ಕಂದು ಮೊಟ್ಟೆಗಳು ಇದ್ದಕ್ಕಿದ್ದಂತೆ ಬಿಳಿಚಿಕೊಂಡವು. ರೋಗವೇ ಬಂತೆಂದು ಗಾಬರಿಯಾಯಿತು. ಕೊನೆಗೆ ನೋಡಿದರೆ ಬ್ರಾಯ್ಲರ್ ಮರಿಗಳ ಮೇವಿನ ಚೀಲಗಳು ತಪ್ಪಿ ನಮ್ಮ ಬ್ರೀಡರ್ ಮನೆಗೆ ಬಂದಿದ್ದವು, ಅದರಲ್ಲಿ ನೈಕಾರ್ಬಜಿನ್ ಇತ್ತು. ರಕ್ತಭೇದಿ ಬರದಂತೆ ಮರಿಗಳಿಗೆ ಹಾಕುವ ಔಷಧ ಅದು. ಮರಿಗೆ ಒಳ್ಳೆಯದೇ, ಆದರೆ ಮೊಟ್ಟೆ ಇಡುವ ಕೋಳಿ ತಿಂದರೆ ಕಂದು ಬಣ್ಣ ಹೋಗುತ್ತದೆ, ಮರಿಯಾಗುವುದೂ ಬೀಳುತ್ತದೆ. ಮೇವು ಬದಲಿಸಿದ ಮೇಲೆ ಸರಿಹೋಯಿತು. ಅಂದಿನಿಂದ ಚೀಲ ಬಿಚ್ಚುವ ಮೊದಲು ಚೀಟಿ ಓದುತ್ತೇನೆ.

ಬೆಳಕು

ಬೆಳೆಯುವಾಗ ಬೆಳಕಿನ ಹೊತ್ತನ್ನು ಹೆಚ್ಚಿಸಬೇಡಿ, ಮೊಟ್ಟೆ ಇಡುವಾಗ ಕಡಿಮೆ ಮಾಡಬೇಡಿ. ಮುಚ್ಚಿದ ಮನೆಯಲ್ಲಿ ಬೆಳೆಯುವ ಕೋಳಿಗೆ ದಿನಕ್ಕೆ 8 ಗಂಟೆ ಬೆಳಕು ಸಾಕು, 20–21ನೇ ವಾರದ ನಂತರ ಏರಿಸುತ್ತಾ 14–15 ಗಂಟೆಗೆ ತರುತ್ತಾರೆ. ಮಾಂಸದ ತಳಿಯ ಕೋಳಿಗಳು ಹಲವು ವಾರ ಸಣ್ಣ ಹಗಲನ್ನು ಕಂಡಿರದಿದ್ದರೆ ಉದ್ದ ಹಗಲಿಗೆ ಸ್ಪಂದಿಸುವುದೇ ಇಲ್ಲ. ಅವಸರ ಮಾಡಿ ಬೇಗ ಬೆಳಕು ಹಾಕಿದರೂ ತಕ್ಷಣ ಮೊಟ್ಟೆಗೆ ಬರುವುದಿಲ್ಲ. ಕ್ಯಾಲೆಂಡರಿಗಿಂತ ಕೋಳಿಯನ್ನು ನೋಡಿ ನಿರ್ಧರಿಸಿ: ತೂಕ ಬಂದಿದೆಯಾ, ಗುದದ ಪಕ್ಕದ ಎರಡು ಮೂಳೆಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತದಾ. ತೂಕ ಬರದ ಕೋಳಿಗೆ ಬೆಳಕು ಕೊಟ್ಟರೆ ಗೋಲಿಯಂಥ ಮೊಟ್ಟೆ, ಜೊತೆಗೆ ಗುದ ಹೊರಬರುವ ತೊಂದರೆ.

ಹುಂಜಗಳ ಲೆಕ್ಕ

ಮಾಂಸದ ತಳಿಯಲ್ಲಿ 100 ಹೇಂಟೆಗೆ 8ರಿಂದ 10 ಹುಂಜ. ಇನ್ನೂ ಇರಲಿ ಎಂದು ಜಾಸ್ತಿ ಬಿಟ್ಟರೆ ಅವು ಹೇಂಟೆ ಮೆಟ್ಟುವುದಕ್ಕಿಂತ ಜಗಳವೇ ಜಾಸ್ತಿ, ಹೇಂಟೆಯ ಬೆನ್ನು ಬೋಳಾಗುತ್ತದೆ, ಅವು ಹುಂಜಕ್ಕೆ ಹೆದರಿ ಅಟ್ಟಣೆಯಿಂದ ಕೆಳಗಿಳಿಯುವುದೇ ಇಲ್ಲ.

ಗೊತ್ತಿರಬೇಕಾದ ಇನ್ನೊಂದು ವಿಷಯವಿದೆ. ಹೇಂಟೆಯ ಮೊಟ್ಟೆನಾಳದಲ್ಲಿ ವೀರ್ಯ ಕೂಡಿಡುವ ಸಣ್ಣ ಸಣ್ಣ ಕೊಳವೆಗಳಿವೆ. ಒಮ್ಮೆ ಕೂಡಿದರೆ ಎರಡು ವಾರ, ಕೆಲವೊಮ್ಮೆ ಮೂರು ವಾರದವರೆಗೂ ಮರಿಯಾಗುವ ಮೊಟ್ಟೆ ಇಡಬಲ್ಲದು. ಇದರಿಂದ ಎರಡು ಮಾತು ತಿಳಿಯುತ್ತವೆ. ಹುಂಜ ಬದಲಿಸಿ ಬೇರೆ ತಳಿಯ ಮರಿ ಮಾಡಬೇಕಿದ್ದರೆ ಹಳೆಯದನ್ನು ತೆಗೆದು ಮೂರು ನಾಲ್ಕು ವಾರ ಕಾಯಿರಿ, ಇಲ್ಲದಿದ್ದರೆ ಮರಿಗೆ ಅಪ್ಪ ಯಾರೆಂದು ಹೇಳಲಾಗುವುದಿಲ್ಲ. ಮತ್ತೆ, ಹುಂಜಗಳು ಇವತ್ತು ಸೋತರೆ ಅದು ಗೊಡ್ಡು ಮೊಟ್ಟೆಯಾಗಿ ಪೂರ್ತಿ ಕಾಣುವುದಕ್ಕೆ ವಾರಗಳೇ ಬೇಕು, ಕಾವಿನ ದಿನ ಸೇರಿಸಿದರೆ ತಿಂಗಳು ದಾಟುತ್ತದೆ. ಹಾಗಾಗಿ ಮರಿಯ ಲೆಕ್ಕ ಬರುವವರೆಗೆ ಕಾಯದೆ ಹುಂಜವನ್ನೇ ಹಿಡಿದು ನೋಡಿ. ಗುದ ಕೆಂಪಗೆ ಒದ್ದೆಯಾಗಿದ್ದರೆ ಕೆಲಸ ಮಾಡುತ್ತಿದೆ, ಬಿಳಿಚಿ ಒಣಗಿದ್ದರೆ ಬರೀ ಮೇವು ತಿನ್ನುತ್ತಿದೆ. ಎದೆ ಮೂಳೆ ಚೂಪಾಗಿ ಕೈಗೆ ಸಿಕ್ಕರೆ ಬಡಕಲಾಗಿದೆ. ಅಂಗಾಲಿನಲ್ಲಿ ಗಂಟು, ಹುಣ್ಣು ಇದ್ದರೆ ಹತ್ತಲು ನೋವು. ಬೆರಳು ಸೊಟ್ಟ ಇರುವುದನ್ನು ಎಳೆಯದರಲ್ಲೇ ತೆಗೆದುಬಿಡಬೇಕು.

40 ವಾರ ದಾಟಿದ ಮೇಲೆ ಗರ್ಭ ಕಟ್ಟುವುದು ಇಳಿಯುತ್ತಾ ಹೋಗುತ್ತದೆ. ಆಗ ಸೋತವನ್ನು ತೆಗೆದು ಎಳೆ ಹುಂಜ ಬಿಡುತ್ತಾರೆ. ಬಿಡುವುದಾದರೆ ಪೂರ್ತಿ ಬೆಳೆದ, ಪರೀಕ್ಷೆ ಮಾಡಿಸಿದ, ಕೆಲವು ವಾರ ಬೇರೆ ಇಟ್ಟು ನೋಡಿದ ಹುಂಜವನ್ನೇ ಬಿಡಿ. ಹೊಸ ಹುಂಜದ ಜೊತೆ ಹೊಸ ರೋಗ ಬರುವುದು ಮಾಮೂಲು. ಆ ಭಯ ಬೇಡವೆಂದರೆ ನಿಮ್ಮದೇ ಎರಡು ಮನೆಗಳ ಹುಂಜಗಳನ್ನು ಅದಲು ಬದಲು ಮಾಡಿ. ಜಾಗ ಬದಲಾದ ಮಾತ್ರಕ್ಕೇ ಹಳೆ ಹುಂಜಗಳು ಕೆಲವು ವಾರ ಚುರುಕಾಗುತ್ತವೆ. ನಗು ಬರುತ್ತದೆ, ಆದರೆ ನಿಜ.

ಸಣ್ಣ ಗುಂಪು ಸಾಕುವವರು ಅದೇ ಹುಂಜಕ್ಕೆ ಅದರ ಮಗಳನ್ನೇ ಕೂಡಿಸುತ್ತಾ ಹೋಗಬೇಡಿ. ಒಂದೇ ಸಲ ಕೂಡಿಸಿದರೂ ಮರಿಯಲ್ಲಿ ಒಳತಳಿ ಪ್ರಮಾಣ, ಅಂದರೆ ರಕ್ತಸಂಬಂಧದಲ್ಲೇ ಕೂಡಿಸಿದ್ದರ ಅಳತೆ, 25 ಪರ್ಸೆಂಟ್ ಆಗುತ್ತದೆ. ಮೊದಲು ಪೆಟ್ಟು ಬೀಳುವುದು ಮರಿಯಾಗುವುದರ ಮೇಲೆ.

ತಾಯಿಯಿಂದ ಮರಿಗೆ ದಾಟುವ ರೋಗ

ಕೆಲವು ರೋಗಗಳು ಮೊಟ್ಟೆಯೊಳಗೇ ಕೂತು ಮರಿಗೆ ಹೋಗುತ್ತವೆ. ಪುಲ್ಲೋರಮ್ ಎನ್ನುವ ಬಿಳಿಭೇದಿ, ಕೋಳಿ ಟೈಫಾಯ್ಡ್, ಉಸಿರಾಟ ಕೆಡಿಸುವ ಮೈಕೋಪ್ಲಾಸ್ಮಾ ಇವು ಮುಖ್ಯ. ಬದುಕಿ ಉಳಿದ ಕೋಳಿ ನೋಡಲು ಆರೋಗ್ಯವಾಗಿರುತ್ತದೆ, ಒಳಗೆ ರೋಗ ಹೊತ್ತಿರುತ್ತದೆ. ಔಷಧ ಹಾಕಿದರೆ ಲಕ್ಷಣ ಅಡಗಬಹುದು, ರೋಗಾಣು ಹೋಗುವುದಿಲ್ಲ. ಇದಕ್ಕೆ ಇರುವ ದಾರಿ ರಕ್ತ ಪರೀಕ್ಷೆ ಮಾಡಿಸಿ, ಸಿಕ್ಕಿಬಿದ್ದವನ್ನು ತೆಗೆದುಹಾಕುವುದು. ಒಂದು ಹನಿ ರಕ್ತ, ಒಂದು ಹನಿ ಬಣ್ಣದ ಆಂಟಿಜೆನ್ (ಸತ್ತ ರೋಗಾಣು ಇರುವ ಪರೀಕ್ಷೆಯ ದ್ರವ), ತಟ್ಟೆಯ ಮೇಲೆ ಬೆರೆಸಿದರೆ ಒಂದೆರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಅಮೆರಿಕದಲ್ಲಿ 1935ರಲ್ಲಿ ಶುರುವಾದ ಕೋಳಿ ಸುಧಾರಣಾ ಯೋಜನೆಯ ಮೊದಲ ಗುರಿಯೇ ಈ ಬಿಳಿಭೇದಿ, ಅಲ್ಲಿನ ವಾಣಿಜ್ಯ ಗುಂಪುಗಳಿಂದ ಅದನ್ನು ಓಡಿಸಿದ್ದು ಹೀಗೆ ಪರೀಕ್ಷೆ ಮಾಡಿ ಮಾಡಿಯೇ.

ಲಸಿಕೆಯ ವಿಷಯದಲ್ಲಿ ಬ್ರೀಡರ್ ಕೋಳಿಗೆ ಎರಡು ಕೆಲಸ, ತನ್ನನ್ನು ಉಳಿಸಿಕೊಳ್ಳುವುದು, ಮರಿಗೂ ರಕ್ಷಣೆ ಕಟ್ಟಿಕೊಡುವುದು. ಕೊಕ್ಕರೆ ರೋಗ (ರಾಣಿಖೇತ್), ಐಬಿ (ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಎಂಬ ಉಸಿರಾಟದ ರೋಗ) ಇವು ಬಂದರೆ ಮೊಟ್ಟೆ ಇಳಿಯುತ್ತದೆ, ಚಿಪ್ಪು ಸುಕ್ಕಾಗುತ್ತದೆ, ಬಿಳಿ ಲೋಳೆ ನೀರಾಗುತ್ತದೆ. ಮರಿಗಳ ರೋಗ ತಡೆಯುವ ಶಕ್ತಿಯನ್ನೇ ಕೆಡಿಸುವ ಗಂಬೊರೊ ರೋಗಕ್ಕೆ ಮೊಟ್ಟೆ ಶುರುವಾಗುವ ಮೊದಲು, ಸುಮಾರು 16–18ನೇ ವಾರದಲ್ಲಿ ಸತ್ತ ವೈರಾಣುವಿನ ಚುಚ್ಚುಮದ್ದು ಕೊಟ್ಟರೆ ತಾಯಿಯ ಪ್ರತಿಕಾಯ ಹಳದಿಯ ಮೂಲಕ ಇಳಿದು ಮರಿಯನ್ನು ಮೊದಲ ಎರಡು ಮೂರು ವಾರ ಕಾಯುತ್ತದೆ. ಮರಿ ನಡುಕದ ರೋಗದ್ದು, ಕೋಳಿ ರಕ್ತಹೀನತೆಯ ವೈರಾಣುವಿನದ್ದು ಇನ್ನೂ ಮುಂಚೆ, ಮೊಟ್ಟೆಗೆ ಬರುವ ಕನಿಷ್ಠ ನಾಲ್ಕು ವಾರ ಮೊದಲೇ ಮುಗಿದಿರಬೇಕು. ದಿನಾಂಕದ ಪಟ್ಟಿಯನ್ನು ನಿಮ್ಮ ಪಶುವೈದ್ಯರ ಹತ್ತಿರ ಕೂತು ಮಾಡಿಸಿ. ಬೇರೆಯವರ ಪಟ್ಟಿ ನಕಲು ಮಾಡಬೇಡಿ, ಒಂದೊಂದು ಕಡೆ ಒಂದೊಂದು ರೋಗ ಜಾಸ್ತಿ.

ಸೆಕೆಗಾಲದಲ್ಲಿ ಮೇವನ್ನು ತಂಪು ಹೊತ್ತಿಗೆ ಹಾಕಿ, ನೀರು ತಣ್ಣಗಿರಲಿ. ಏದುಸಿರು ಬಿಡುವ ಕೋಳಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಕಳೆದುಕೊಳ್ಳುತ್ತದೆ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಸಾಲದೆ ಚಿಪ್ಪು ತೆಳುವಾಗುತ್ತದೆ. ಹುಂಜದ ವೀರ್ಯವೂ ಕೆಡುತ್ತದೆ.

ಗೂಡಿನಿಂದ ಮೆಷಿನ್ನಿಗೆ

ನಾಲ್ಕೈದು ಹೇಂಟೆಗೆ ಒಂದು ಗೂಡು. ಬೆಳಿಗ್ಗೆಯೇ ಹೆಚ್ಚು ಮೊಟ್ಟೆ ಬೀಳುವುದರಿಂದ ಬೆಳಿಗ್ಗೆ ಎರಡು ಮೂರು ಸಲ, ಮಧ್ಯಾಹ್ನ ಒಂದೆರಡು ಸಲ ಆಯ್ದುಕೊಳ್ಳಿ. ನೆಲದ ಮೊಟ್ಟೆಯನ್ನು ಗೂಡಿನ ಮೊಟ್ಟೆಯ ಜೊತೆ ಸೇರಿಸಬೇಡಿ. ಹಿಕ್ಕೆ ಹತ್ತಿದ ಮೊಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಳೆಯಿಸುವುದಂತೂ ಬೇಡವೇ ಬೇಡ, ಮೇಲಿನ ತೆಳು ಪದರ ಹೋಗಿ ಕೊಳೆ ರಂಧ್ರದೊಳಗೆ ಇಳಿಯುತ್ತದೆ. ಅಂಥ ಒಂದು ಮೊಟ್ಟೆ ಮೆಷಿನ್ನಿನಲ್ಲಿ ಸಿಡಿದರೆ ಪಕ್ಕದ ಇಪ್ಪತ್ತು ಹಾಳು.

ಕೂಡಿಡುವ ಕೋಣೆ 16–18 ಡಿಗ್ರಿ ಇರಲಿ, ದಪ್ಪ ತುದಿ ಮೇಲೆ, ಒಂದು ವಾರದೊಳಗೆ ಕಾವಿಗೆ ಹಾಕಿ. 21 ಡಿಗ್ರಿಗಿಂತ ಬೆಚ್ಚಗಿದ್ದರೆ ಭ್ರೂಣ ಪೂರ್ತಿ ಮಲಗುವುದೂ ಇಲ್ಲ, ಪೂರ್ತಿ ಬೆಳೆಯುವುದೂ ಇಲ್ಲ, ಹಾಗೇ ಸೋತು ಸಾಯುತ್ತದೆ. ತಣ್ಣನೆ ಮೊಟ್ಟೆಯನ್ನು ಒಮ್ಮೆಲೇ ಬಿಸಿ ಕೋಣೆಗೆ ತಂದು ಬೆವರಿಸಬೇಡಿ.

ಉಳಿದ ಮೊಟ್ಟೆ ಒಡೆದು ಓದುವುದು

ಈಗ ಮೊದಲು ಹೇಳಿದ ಕೆಲಸ. ಏಳರಿಂದ ಹತ್ತನೇ ದಿನ ಬೆಳಕು ಹಿಡಿದು ನೋಡಿ, ತಿಳಿಯಾಗಿ ಕಂಡದ್ದನ್ನು ಪಕ್ಕಕ್ಕಿಟ್ಟು ಒಡೆಯಿರಿ. ಹಳದಿಯ ಮೇಲೆ ಬರೀ ಸಣ್ಣ ದಟ್ಟ ಬಿಳಿ ಚುಕ್ಕೆ ಇದ್ದರೆ ಗೊಡ್ಡು, ಹುಂಜದ ಹತ್ತಿರ ಹೋಗಿ. ಚುಕ್ಕೆ ಹರಡಿ ಕೆನೆಯಂತಾಗಿದ್ದರೆ, ಅಥವಾ ರಕ್ತದ ಉಂಗುರವಿದ್ದರೆ, ಹುಂಜದ ತಪ್ಪಿಲ್ಲ. ಕೂಡಿಟ್ಟ ಕೋಣೆ, ಎಷ್ಟು ದಿನ ಇಟ್ಟಿರಿ, ಸಾಗಿಸುವಾಗ ಕುಲುಕಿತಾ ಎಂದು ನೋಡಿ. ಬರೀ ಬೆಳಕು ಹಿಡಿದು ಇವೆರಡನ್ನೂ "ಗೊಡ್ಡು" ಎಂದು ಬರೆದುಕೊಂಡವರು ಸುಮ್ನೆ ಹುಂಜ ಬದಲಿಸಿ ದುಡ್ಡು ಕಳೆದುಕೊಂಡಿದ್ದಾರೆ.

21ನೇ ದಿನ ಉಳಿದವನ್ನೂ ಒಡೆಯಿರಿ. ನಡುವಿನ ವಾರದಲ್ಲಿ ಸತ್ತದ್ದು ಸಾಮಾನ್ಯವಾಗಿ ಬಹಳ ಕಡಿಮೆ ಇರುತ್ತದೆ. ಅದು ಜಾಸ್ತಿ ಕಂಡರೆ ವಿಟಮಿನ್ ಮಿಶ್ರಣದ ಚೀಲ ತೆಗೆದು ತಯಾರಾದ ದಿನಾಂಕ ನೋಡಿ. ಪೂರ್ತಿ ಬೆಳೆದ ಮರಿಯ ತಲೆ ಸಣ್ಣ ತುದಿಯಲ್ಲಿದ್ದರೆ ಮೊಟ್ಟೆಯನ್ನು ತಲೆಕೆಳಗೆ ಜೋಡಿಸಿದ್ದಾರೆ ಅಂತಲೇ ಅನುಮಾನಿಸಿ. ಪೂರ್ತಿ ಬೆಳೆದು, ಕೊಕ್ಕು ಗಾಳಿಚೀಲಕ್ಕೆ ತೂರಿ ಅಲ್ಲೇ ಸತ್ತಿದ್ದರೆ, ಹಾಂ, ಆಗ ಇನ್‌ಕ್ಯುಬೇಟರಿಗೆ ಬೈಯಬಹುದು.

ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಮನೆಯ ನಂಬರ್ ಮತ್ತು ಇಟ್ಟ ದಿನ ಬರೆದಿರಿ. ಅದಿಲ್ಲದಿದ್ದರೆ ಒಡೆದು ಕಂಡದ್ದೆಲ್ಲಾ ಯಾವ ಮನೆಯ ಲೆಕ್ಕ ಎಂದೇ ಗೊತ್ತಾಗುವುದಿಲ್ಲ. ಸ್ಕೆಚ್ ಪೆನ್ ಬೇಡ, ಶಾಯಿ ಒಳಗಿಳಿಯುತ್ತದೆ.